ನಮ್ಮ ಸೇವಾ ಪಟ್ಟಿಯಲ್ಲಿ ಇಲ್ಲದ ಹೆಸರು

ಇದು ವಿಡಿಯೋದಲ್ಲಿ ಮಾತಾಡಿದ್ದರ ಬರಹ ರೂಪ. ತಡವರಿಸಿದ ಕಡೆ ಸರಿ ಮಾಡಿದ್ದೇನೆ, ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ.

ಇವತ್ತಿನ ವಿಷಯ ದೀನತೆ ಮತ್ತು ಸೇವೆ. ಕ್ರೈಸ್ತ ಸಭೆಗಳಲ್ಲಿ ಈ ಎರಡು ಪದ ಕಿವಿಗೆ ಬೀಳದ ಭಾನುವಾರ ಕಡಿಮೆ. ನಾನು ಬೆಳೆದದ್ದು ಬೆಟಗೇರಿಯ ಒಂದು ಕ್ರೈಸ್ತ ಮನೆಯಲ್ಲಿ, ಎಂ.ಟೆಕ್ ಮುಗಿಸಿ ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಹಾಗಾಗಿ ಈ ಪದಗಳು ನನಗೆ ಮನೆಯ ತಾಮ್ರದ ಚೊಂಬಿನ ಹಾಗೆ. ದಿನಾ ಮುಟ್ಟುತ್ತೇವೆ, ನೋಡೋದಿಲ್ಲ. ನಿಮ್ಮಲ್ಲಿ ಕ್ರೈಸ್ತರಲ್ಲದವರು ಬಹಳ ಜನ ಇದ್ದೀರಿ ಅಂತ ಗೊತ್ತು. ಬೈಬಲ್ ಕತೆಗಳನ್ನು ಮೊದಲಿಂದ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕನ್ನಡ ಸಂಘಕ್ಕೋ ಸೊಸೈಟಿಯ ಗಣೇಶೋತ್ಸವದ ಸಮಿತಿಗೋ ಇದು ಹೊಂದಿದರೆ ನನಗೆ ಆಶ್ಚರ್ಯ ಆಗೋದಿಲ್ಲ.

ಒಂದು ಸ್ಪ್ರೆಡ್‌ಶೀಟ್‌ನಿಂದ ಶುರು ಮಾಡೋಣ

ನಮ್ಮದು ಚಿಕ್ಕ ಕನ್ನಡ ಸಭೆ. ಬಾಡಿಗೆ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ಸೇರ್ತೀವಿ. ಅರ್ಧ ಜನ ನಮ್ಮಂಥ ಐಟಿಯವರು. ಇನ್ನರ್ಧ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ, ವಾಚ್‌ಮನ್ ಕೆಲಸಕ್ಕೆ ಬಂದವರು. ತಿಂಗಳ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರೂ ಕೂತು ಊಟ ಮಾಡ್ತೀವಿ, ಅದಕ್ಕೆ ಪ್ರೇಮಭೋಜನ ಅಂತೀವಿ.

ನಾಲ್ಕು ವರ್ಷದ ಹಿಂದೆ ಸಭೆಯ ಕೆಲಸಗಳಿಗೆ ಒಂದು ಪಟ್ಟಿ ಬೇಕು ಅಂದಾಗ ನಾನೇ ಮುಂದೆ ಬಂದೆ. ಸ್ಪ್ರೆಡ್‌ಶೀಟ್ ನಮ್ಮ ಕೈಗೆ ನೀರು ಕುಡಿದಷ್ಟು ಸಲೀಸು ಅಲ್ವಾ. ವಾಚನ, ಹಾಡು, ಪ್ರಾರ್ಥನೆ, ಸೌಂಡ್, ಪ್ರೊಜೆಕ್ಟರ್, ಸ್ವಾಗತ, ಕಾಣಿಕೆ, ಹೀಗೆ ಏಳು ಕಾಲಂ. ಪ್ರತಿ ವಾರಕ್ಕೆ ಹೆಸರು. ಒಬ್ಬರಿಗೆ ಎರಡು ಕೆಲಸ ಬಿದ್ದರೆ ಕೆಂಪು ಬಣ್ಣ. ಶನಿವಾರ ಸಂಜೆ ತಾನಾಗಿ ನೆನಪಿನ ಮೆಸೇಜ್. ಪ್ರಿಂಟ್ ತೆಗೆದು ಹಾಲ್ ಗೋಡೆಗೂ ಅಂಟಿಸಿದೆ. ಎಲ್ಲರೂ ಹೊಗಳಿದರು. ನಾನು ತಲೆ ತಗ್ಗಿಸಿ, "ಅಯ್ಯೋ, ಏನಿಲ್ಲ ಬಿಡಿ, ಸಣ್ಣ ಸೇವೆ" ಅಂದೆ. ತಲೆ ತಗ್ಗಿತ್ತು, ಒಳಗೆ ಎದೆ ಉಬ್ಬಿತ್ತು.

ನಮ್ಮಲ್ಲಿ ಒಬ್ಬ ಅಕ್ಕ ಇದ್ದಾರೆ, ಹೆಸರು ಬೇಡ. ಗಂಡ ಒಂದು ಸೊಸೈಟಿಯಲ್ಲಿ ವಾಚ್‌ಮನ್. ಮಗಳು ಆಗ ಆರನೇ ಕ್ಲಾಸು. ಆ ಹುಡುಗಿ ಗೋಡೆ ಮುಂದೆ ನಿಂತು ಹೆಸರುಗಳನ್ನು ಒಂದೊಂದೇ ಓದಿ ಅಮ್ಮನಿಗೆ ಹೇಳ್ತಾ ಇದ್ದಳು. ಅಕ್ಕನಿಗೆ ಓದು ಬರೋದಿಲ್ಲ. ಪೂರ್ತಿ ಓದಿ ಮುಗಿಸಿ, ನನ್ನ ಕಡೆ ತಿರುಗಿ ಕೇಳಿದಳು: "ಅಂಕಲ್, ಇದ್ರಾಗ ನಮ್ಮವ್ವನ ಹೆಸರು ಎಲ್ಲಿ ಅದ?"

ಎಲ್ಲೂ ಇರಲಿಲ್ಲ. ಯಾಕಂದ್ರೆ ಅವಳ ಅವ್ವ ಮಾಡುತ್ತಿದ್ದ ಕೆಲಸಕ್ಕೆ ಕಾಲಂ ಇರಲಿಲ್ಲ. ಬೆಳಿಗ್ಗೆ ಬಂದು ಹಾಲ್ ಗುಡಿಸೋದು, ಶೌಚಾಲಯ ತೊಳೆಯೋದು, ಪ್ರಸಂಗದ ನಡುವೆ ಎದ್ದು ಹೋಗಿ ಚಹಾಕ್ಕೆ ನೀರು ಇಡೋದು, ಪ್ರೇಮಭೋಜನದ ಪಾತ್ರೆ ತಿಕ್ಕೋದು. ಯಾರೂ ಅವರಿಗೆ ಹೇಳಿರಲಿಲ್ಲ, ಸಂಬಳ ಕೊಟ್ಟಿರಲಿಲ್ಲ. ಮೊದಲ ವಾರ ಅವರು ಮಾಡಿದರು, ಎರಡನೇ ವಾರವೂ ಮಾಡಿದರು. ಆಮೇಲೆ ಅದು "ಆಗುತ್ತೆ" ಅನ್ನೋ ಕೆಲಸ ಆಯ್ತು. ಪ್ರೊಡಕ್ಷನ್‌ನಲ್ಲಿ ಎಲ್ಲೋ ಒಂದು ಸ್ಕ್ರಿಪ್ಟ್ ಓಡ್ತಾ ಇರುತ್ತೆ, ಯಾರು ಬರೆದದ್ದು ಗೊತ್ತಿರಲ್ಲ, ಅದು ನಿಂತ ದಿನ ಮಾತ್ರ ಎಲ್ಲರಿಗೂ ನೆನಪಾಗುತ್ತೆ. ಹಾಗೆ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಓದಿಕೊಂಡದ್ದು, ತಪ್ಪು ಮಾಡಿ ಕಲಿತದ್ದು ಈ ಮಾತಿನ ಹೂರಣ.

ವಿನಯ ಬೇರೆ, ದೀನತೆ ಬೇರೆ

ಮೊದಲು ಪದ. ಕನ್ನಡದಲ್ಲಿ ವಿನಯ ಅಂದರೆ ಒಳ್ಳೆ ನಡತೆ. ಓದಿದವರಿಗೆ, ಅಧಿಕಾರ ಇದ್ದವರಿಗೆ ಅದು ಭೂಷಣ. ಮೇಲಿನ ಕುರ್ಚಿಯಲ್ಲಿ ಕೂತೇ ವಿನಯದಿಂದ ಮಾತಾಡಬಹುದು. ಆದರೆ ದೀನ ಅನ್ನೋ ಪದಕ್ಕೆ ನಾವು ಬೇರೆ ಅರ್ಥ ಇಟ್ಟಿದ್ದೇವೆ. ದೀನ ಅಂದರೆ ಬಡವ, ದಿಕ್ಕಿಲ್ಲದವ. ಕನ್ನಡ ಬೈಬಲ್ ಹೆಚ್ಚಾಗಿ ಬಳಸೋದು ಈ ದೀನ ಪದವನ್ನೇ.

ಮೂಲ ಗ್ರೀಕ್‌ನಲ್ಲೂ ಕತೆ ಹೀಗೇ. ಅಲ್ಲಿನ ಪದ ಟಪೆಯ್ನೋಸ್. ತಗ್ಗಿನಲ್ಲಿರುವವನು, ಕೀಳು ಸ್ಥಿತಿಯವನು ಅಂತ ಅರ್ಥ. ಆ ಕಾಲದ ಗ್ರೀಕರ ಬಾಯಲ್ಲಿ ಅದು ಬಹುತೇಕ ಹೊಗಳಿಕೆಯ ಮಾತಾಗಿರಲಿಲ್ಲ. ಮೊದಲ ಕ್ರೈಸ್ತರು ಅದನ್ನೇ ಎತ್ತಿಕೊಂಡು ಸದ್ಗುಣದ ಹೆಸರು ಮಾಡಿದರು. ಅಂದರೆ ವಿನಯ ಇರೋದು ಮಾತಿನ ಧಾಟಿಯಲ್ಲಿ, ದೀನತೆ ಇರೋದು ನಾವು ನಿಂತ ಜಾಗದಲ್ಲಿ. "ಸಣ್ಣ ಸೇವೆ ಬಿಡಿ" ಅಂದಾಗ ನನ್ನಲ್ಲಿ ವಿನಯ ಇತ್ತು. ಜಾಗ ಮಾತ್ರ ಬದಲಾಗಿರಲಿಲ್ಲ.

ಬೋಗುಣಿ ಮತ್ತು ಟವೆಲ್

ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಪಾದ ತೊಳೆಯುವ ಪ್ರಸಂಗ ಬರುತ್ತೆ. ಯೇಸು ಶಿಲುಬೆಗೆ ಹೋಗುವ ಹಿಂದಿನ ರಾತ್ರಿ, ಶಿಷ್ಯರ ಜೊತೆ ಕೊನೆಯ ಊಟ. ಊಟದ ನಡುವೆ ಯೇಸು ಎದ್ದು, ಮೇಲುಬಟ್ಟೆ ತೆಗೆದಿಟ್ಟು, ಟವೆಲ್ ಸೊಂಟಕ್ಕೆ ಕಟ್ಟಿಕೊಂಡು, ಬೋಗುಣಿಗೆ ನೀರು ಹಾಕಿ ಒಬ್ಬೊಬ್ಬರ ಪಾದ ತೊಳೆದು ಒರೆಸುತ್ತಾನೆ. ಮಣ್ಣಿನ ದಾರಿ, ಚಪ್ಪಲಿ ಕಾಲು. ಮನೆಗೆ ಬಂದವರ ಕಾಲು ತೊಳೆಯೋದು ಆ ಕಾಲದಲ್ಲಿ ಆಳುಗಳ ಕೆಲಸ. ಲೂಕನ ಸುವಾರ್ತೆ ಇದೇ ಊಟದ ಬಗ್ಗೆ ಇನ್ನೊಂದು ವಿಷಯ ಹೇಳುತ್ತೆ: ನಮ್ಮಲ್ಲಿ ಯಾರು ದೊಡ್ಡವರು ಅಂತ ಶಿಷ್ಯರು ಅಲ್ಲೇ ಜಗಳ ಮಾಡ್ತಾ ಇದ್ದರು. ಅಪ್ರೈಸಲ್ ಸೀಸನ್ ಅಂದುಕೊಳ್ಳಿ.

ಇದನ್ನು ನಾವು ಸಾಮಾನ್ಯವಾಗಿ "ದೊಡ್ಡವನು ಎಷ್ಟು ಒಳ್ಳೆಯವನು ನೋಡಿ" ಅನ್ನೋ ಕತೆಯಾಗಿ ಕೇಳಿ ಬಿಡ್ತೀವಿ. ಆದರೆ ತೊಳೆದು ಮುಗಿದ ಮೇಲೆ ಯೇಸು ಹೇಳುವ ಮಾತಿನ ಸಾರ ಬೇರೆ: ನಾನು ನಿಮ್ಮ ಪಾದ ತೊಳೆದೆ, ಇನ್ನು ನೀವು ಒಬ್ಬರ ಪಾದ ಇನ್ನೊಬ್ಬರು ತೊಳೆಯಿರಿ. "ಒಬ್ಬರಿಗೊಬ್ಬರು" ಅನ್ನೋದು ಇಲ್ಲಿ ಮುಖ್ಯ. ಒಬ್ಬರು ಯಾವಾಗಲೂ ತೊಳೆಯುವವರು, ಉಳಿದವರು ಯಾವಾಗಲೂ ಕಾಲು ಚಾಚುವವರು ಅಂತ ಅಲ್ಲ.

ಈ ನೆನಪಿಗೆ ಈಸ್ಟರ್‌ಗೆ ಮೊದಲಿನ ಗುರುವಾರ ಅನೇಕ ಚರ್ಚುಗಳಲ್ಲಿ ಪಾದ ತೊಳೆಯುವ ಆಚರಣೆ ಇದೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮ್‌ನ ಬಾಲಾಪರಾಧಿಗಳ ಕಾರಾಗೃಹಕ್ಕೆ ಹೋಗಿ ಹನ್ನೆರಡು ಮಂದಿಯ ಪಾದ ತೊಳೆದರು. ಅವರಲ್ಲಿ ಹುಡುಗಿಯರೂ ಇದ್ದರು, ಮುಸ್ಲಿಮರೂ ಇದ್ದರು. ಅಲ್ಲಿಯವರೆಗೆ ಗಂಡಸರ ಪಾದ ಮಾತ್ರ ಅನ್ನೋ ನಿಯಮ ಇತ್ತು, 2016ರಲ್ಲಿ ಅದನ್ನು ಅಧಿಕೃತವಾಗಿ ಬದಲಾಯಿಸಿದರು. ಆದರೂ ಅದು ವರ್ಷಕ್ಕೊಂದು ದಿನ. ಮಿಕ್ಕ ದಿನಗಳಲ್ಲಿ ಏನು?

ದೂರು ಕೊಟ್ಟವರಿಗೇ ಜವಾಬ್ದಾರಿ

ಮಿಕ್ಕ ದಿನಗಳ ಉತ್ತರಕ್ಕೆ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ನೋಡಬೇಕು. ಜೆರುಸಲೇಮಿನ ಮೊದಲ ಸಭೆ. ಅಲ್ಲಿ ಎರಡು ಭಾಷೆಯ ಜನ: ಊರಿನ ಇಬ್ರಿಯ ಮಾತಿನವರು, ಹೊರಗಿಂದ ಬಂದ ಗ್ರೀಕ್ ಮಾತಿನವರು. ಇಬ್ಬರೂ ಯೆಹೂದ್ಯರೇ. ದಿನಾ ಬಡ ವಿಧವೆಯರಿಗೆ ಊಟ ಹಂಚುತ್ತಿದ್ದರು. ಗ್ರೀಕ್ ಮಾತಿನವರು ಗೊಣಗಲು ಶುರು ಮಾಡಿದರು: ನಮ್ಮ ವಿಧವೆಯರು ಹಂಚಿಕೆಯಲ್ಲಿ ಬಿಟ್ಟುಹೋಗ್ತಾ ಇದ್ದಾರೆ. ಪರಭಾಷೆಯ ಊರಲ್ಲಿ ಲೈನಿನ ಕೊನೆಗೆ ನಿಲ್ಲೋದು ಹೇಗಿರುತ್ತೆ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ.

ಆಗ ಅಪೊಸ್ತಲರು "ಗೊಣಗಬೇಡಿ, ದೀನರಾಗಿರಿ" ಅಂತ ಉಪದೇಶ ಮಾಡಲಿಲ್ಲ. ಸಭೆ ಕರೆದರು, ಹಂಚಿಕೆ ನೋಡಿಕೊಳ್ಳೋಕೆ ಏಳು ಜನರನ್ನು ಆರಿಸಿ ಅಂದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಯಾರ ಕಡೆಯಿಂದ ದೂರು ಬಂತೋ ಆ ಭಾಷೆಯ ಹೆಸರುಗಳೇ ಪಟ್ಟಿಯಲ್ಲಿ ಬಂದವು.

ಇನ್ನೊಂದು ಸೂಕ್ಷ್ಮ ಇದೆ, ಅನುವಾದದಲ್ಲಿ ತಪ್ಪಿಹೋಗುತ್ತೆ. ಊಟ ಬಡಿಸುವ ಸೇವೆಗೂ ವಾಕ್ಯ ಸಾರುವ ಸೇವೆಗೂ ಆ ಅಧ್ಯಾಯ ಒಂದೇ ಮೂಲದ ಗ್ರೀಕ್ ಪದ ಬಳಸುತ್ತೆ: ಡಿಯಾಕೊನಿಯ. ಇಂಗ್ಲಿಷಿನ ಡೀಕನ್ ಪದವೂ ಅಲ್ಲಿಂದಲೇ ಬಂದದ್ದು. ಬಡಿಸೋದೂ ಡಿಯಾಕೊನಿಯ, ಬೋಧಿಸೋದೂ ಡಿಯಾಕೊನಿಯ. ಊಟದ ಜವಾಬ್ದಾರಿಗೆ ಆರಿಸಿದ ಸ್ತೆಫನ ಮುಂದಿನ ಅಧ್ಯಾಯದಲ್ಲೇ ದೀರ್ಘ ಭಾಷಣ ಮಾಡಿ ಮೊದಲ ಹುತಾತ್ಮ ಆಗ್ತಾನೆ. ಫಿಲಿಪ್ಪ ಸಮಾರ್ಯಕ್ಕೆ ಹೋಗಿ ಬೋಧಿಸ್ತಾನೆ. ಬಡಿಸುವವನು ಬಡಿಸೋಕೇ ಸೀಮಿತ ಅಂತ ಯಾರೂ ಗೆರೆ ಎಳೆದಿರಲಿಲ್ಲ.

ಆ ಗೆರೆ ಎಳೆದದ್ದು ನಾನು. ಏಳು ಕಾಲಂ ಹಾಕಿ.

ಒಂದೂವರೆ ಸಾವಿರ ವರ್ಷದ ಹಳೆಯ ಆನ್‌-ಕಾಲ್ ರೋಸ್ಟರ್

ಮೊದಲು ನಾವು ಮಾಡಿದ ತಪ್ಪು ಪರಿಹಾರ ಹೇಳಿಬಿಡ್ತೀನಿ. ಹುಡುಗಿ ಕೇಳಿದ ಮುಂದಿನ ತಿಂಗಳೇ ಅಕ್ಕನನ್ನು ಮುಂದೆ ಕರೆದು ಶಾಲು ಹೊದಿಸಿ, ಹಾರ ಹಾಕಿ, ಚಪ್ಪಾಳೆ ತಟ್ಟಿದೆವು. ಪಟ್ಟಿಯಲ್ಲಿ "ಸ್ವಚ್ಛತೆ" ಅಂತ ಎಂಟನೇ ಕಾಲಂ ಸೇರಿಸಿ ಐವತ್ತೆರಡು ವಾರಕ್ಕೂ ಅವರ ಹೆಸರು ಎಳೆದೆ. ಒಂದು ಸೆಲ್‌ನಲ್ಲಿ ಬರೆದು ಕೆಳಗೆ ಡ್ರ್ಯಾಗ್ ಮಾಡಿದರೆ ಮುಗೀತು. ಆ ದಿನವೂ ಊಟ ಆದ ಮೇಲೆ ಅಕ್ಕ ಶಾಲು ಮಡಿಚಿಟ್ಟು ಪಾತ್ರೆ ತಿಕ್ಕೋಕೆ ಹೋದರು. ನಾವು ಫೋಟೋ ಗ್ರೂಪಿಗೆ ಹಾಕಿದೆವು. ಸನ್ಮಾನ ಮಾಡೋದು ಬಹಳ ಅಗ್ಗದ ದಾರಿ, ಕೆಲಸ ಮಾತ್ರ ಇದ್ದಲ್ಲೇ ಇರುತ್ತೆ.

ಸರಿಯಾದ ದಾರಿ ಸಿಕ್ಕಿದ್ದು ಸಂತ ಬೆನೆಡಿಕ್ಟ್ ಬರೆದ ನಿಯಮಾವಳಿಯಲ್ಲಿ. ಬೆನೆಡಿಕ್ಟ್ ಇಟಲಿಯವರು, ಸುಮಾರು 480ರಲ್ಲಿ ಹುಟ್ಟಿದವರು. ಮೊಂಟೆ ಕಸಿನೊ ಬೆಟ್ಟದ ಮೇಲೆ ಮಠ ಕಟ್ಟಿ, ಜೊತೆಗಿದ್ದ ಸನ್ಯಾಸಿಗಳಿಗಾಗಿ 73 ಅಧ್ಯಾಯಗಳ ಪುಟ್ಟ ನಿಯಮ ಪುಸ್ತಕ ಬರೆದರು. ಪಶ್ಚಿಮದ ಕ್ರೈಸ್ತ ಮಠಗಳಲ್ಲಿ ಇವತ್ತಿಗೂ ಅದು ನಡೆಯುತ್ತೆ. 7ನೇ ಅಧ್ಯಾಯ ದೀನತೆಯ ಬಗ್ಗೆ. ಅದನ್ನು ಹನ್ನೆರಡು ಮೆಟ್ಟಿಲ ಏಣಿ ಅಂತ ವಿವರಿಸ್ತಾರೆ. ನನ್ನ ಕಣ್ಣು ತೆರೆಸಿದ್ದು ಅದಲ್ಲ, 35ನೇ ಅಧ್ಯಾಯ. ಅದರ ವಿಷಯ ಅಡುಗೆಮನೆ.

ನಿಯಮ ಹೀಗಿದೆ. ಅಡುಗೆಮನೆ ಕೆಲಸ ಎಲ್ಲರಿಗೂ ವಾರದ ಸರದಿ. ಕಾಯಿಲೆ ಇದ್ದರೆ ಅಥವಾ ಮಠಕ್ಕೆ ತೀರಾ ಅಗತ್ಯದ ಬೇರೆ ಜವಾಬ್ದಾರಿ ಇದ್ದರೆ ಮಾತ್ರ ರಿಯಾಯ್ತಿ. ಶಕ್ತಿ ಕಡಿಮೆ ಇದ್ದವರಿಗೆ ಜೊತೆಗೊಬ್ಬ ಸಹಾಯಕ. ಶನಿವಾರ ಸರದಿ ಮುಗಿಸುವವನು ಎಲ್ಲ ತೊಳೆದು, ಕೈಕಾಲು ಒರೆಸುವ ಟವೆಲ್‌ಗಳನ್ನೂ ಒಗೆದಿಡಬೇಕು. ಪಾತ್ರೆಗಳನ್ನು ಚೊಕ್ಕಟವಾಗಿ, ಮುರಿಯದೆ ಉಗ್ರಾಣದವನಿಗೆ ಒಪ್ಪಿಸಬೇಕು, ಅವನು ಅವನ್ನು ಮುಂದಿನವನಿಗೆ ಕೊಡಬೇಕು. ಏನು ಕೊಟ್ಟೆ, ಏನು ವಾಪಸ್ ಬಂತು ಅನ್ನೋ ಲೆಕ್ಕ ಇರಬೇಕು. ಇದು ಹ್ಯಾಂಡೋವರ್ ಅಲ್ಲದೆ ಇನ್ನೇನು! ನಾವು ಪೇಜರ್ ಡ್ಯೂಟಿ ಬದಲಾಯಿಸುವಾಗ ಇಷ್ಟು ಶಿಸ್ತಾಗಿ ಮಾಡೋದಿಲ್ಲ.

ಆಮೇಲೆ, ಸರದಿ ಮುಗಿಸುವವನು, ಶುರು ಮಾಡುವವನು ಇಬ್ಬರೂ ಸೇರಿ ಎಲ್ಲರ ಪಾದ ತೊಳೆಯಬೇಕು. ವರ್ಷಕ್ಕೊಂದು ಗುರುವಾರ ಅಲ್ಲ, ವಾರ ವಾರ. ಭಾನುವಾರ ಬೆಳಗಿನ ಪ್ರಾರ್ಥನೆ ಆದ ಮೇಲೆ ಎಲ್ಲರ ಮುಂದೆ ಬಾಗಿ, ನಮಗಾಗಿ ಪ್ರಾರ್ಥಿಸಿ ಅಂತ ಕೇಳಬೇಕು. ಪಾತ್ರೆ ತೊಳೆಯೋಕೆ ಹೊರಟವನಿಗೆ ಇಡೀ ಸಭೆಯ ಪ್ರಾರ್ಥನೆ! 31ನೇ ಅಧ್ಯಾಯದಲ್ಲಿ ಉಗ್ರಾಣದವನಿಗೆ ಹೇಳ್ತಾರೆ, ಮಠದ ಪಾತ್ರೆ ಪದಾರ್ಥಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳ ಹಾಗೆ ನೋಡು ಅಂತ.

ನನಗೆ ಬಹಳ ಹಿಡಿಸಿದ ಒಂದು ಸಣ್ಣ ವಿವರ ಇದೆ. ಅಡುಗೆಯವರಿಗೆ ಊಟಕ್ಕೆ ಒಂದು ಗಂಟೆ ಮೊದಲು, ಅವರ ಪಾಲಿನ ಮೇಲೆ ಸ್ವಲ್ಪ ಹೆಚ್ಚಿಗೆ ರೊಟ್ಟಿ, ಪಾನೀಯ ಕೊಡಬೇಕು. ಯಾಕೆ? ಗೊಣಗದೆ, ಆಯಾಸ ಇಲ್ಲದೆ ಬಡಿಸಲಿ ಅಂತ. ಬೆನೆಡಿಕ್ಟ್‌ಗೆ ಗೊಣಗಾಟ ಅಂದರೆ ಆಗೋದಿಲ್ಲ, ನಿಯಮದುದ್ದಕ್ಕೂ ಎಚ್ಚರಿಸ್ತಾರೆ. ಆದರೆ ಹಸಿದವನಿಗೆ ಗೊಣಗಬೇಡ ಅನ್ನೋ ಬದಲು ಮೊದಲು ತಿನ್ನೋಕೆ ಕೊಡ್ತಾರೆ.

ಇಲ್ಲಿ ನನಗೆ ಅರ್ಥ ಆದದ್ದು ಇಷ್ಟು. ದೀನತೆಯನ್ನು ನಾವು ಭಾವನೆ ಅಂದುಕೊಂಡಿದ್ದೇವೆ. ಒಟ್ಟಿಗೆ ಬದುಕುವ ಜನರ ನಡುವೆ ಅದು ಒಂದು ವ್ಯವಸ್ಥೆ. ಯಾರ ಕೆಲಸ, ಯಾರ ಸರದಿ, ಯಾರು ಮೊದಲು ತಿಂದರು, ಇಂಥ ಲೆಕ್ಕದಲ್ಲಿ ಅದು ಇರುತ್ತೆ. ನಮ್ಮ ದೇಶದಲ್ಲಿ ಈ ಸರದಿಯ ಮಾತಿಗೆ ಇನ್ನೂ ಹೆಚ್ಚು ತೂಕ ಇದೆ. ಎಂಜಲು ಎತ್ತೋದು ಯಾರು, ಶೌಚಾಲಯ ತೊಳೆಯೋದು ಯಾರು ಅನ್ನೋದನ್ನು ಇಲ್ಲಿ ಹುಟ್ಟು ತೀರ್ಮಾನ ಮಾಡಿತ್ತು. ಚರ್ಚಿನ ಬಾಗಿಲು ದಾಟಿದ ತಕ್ಷಣ ಅದು ಕರಗಲಿಲ್ಲ. ಕಾಯಕ, ದಾಸೋಹ ಅನ್ನೋ ಪದ ಕೊಟ್ಟ ನಾಡಿನವರಾದ ನಮಗೆ ಇದು ಗೊತ್ತಿಲ್ಲದ್ದೇನಲ್ಲ. ಸರದಿ ಬದಲಾಗದ ಸೇವೆ ನಿಧಾನಕ್ಕೆ ಜಾತಿ ಆಗುತ್ತೆ.

ಕೇಡಗಾಂವ್ ದಾಟುವಾಗ ನೆನಪಿಡಿ

ಪುಣೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಕಲಬುರಗಿ ಕಡೆ ಹೋಗುವವರು ದೌಂಡ್‌ಗಿಂತ ಮೊದಲು ಕೇಡಗಾಂವ್ ಅನ್ನೋ ಸ್ಟೇಷನ್ ದಾಟ್ತೀರಿ. ಅಲ್ಲಿ ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಇದೆ. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಮನೆಮಾತು ಮರಾಠಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳ ಊರಿನವರು. ಹೆಂಡತಿಗೆ ಸಂಸ್ಕೃತ ಕಲಿಸಿದರು ಅಂತ ಅವರಿಗೆ ವಿರೋಧ ಬಂದಿತ್ತು. ಮಗಳು ಬರಗಾಲದ ದಿನಗಳಲ್ಲಿ ತಂದೆ ತಾಯಿಯನ್ನು ಕಳೆದುಕೊಂಡು ಅಣ್ಣನ ಜೊತೆ ದೇಶ ಸುತ್ತಿದಳು. 1878ರಲ್ಲಿ ಕಲ್ಕತ್ತೆಯ ಪಂಡಿತರು ಅವರ ಸಂಸ್ಕೃತ ಪಾಂಡಿತ್ಯ ನೋಡಿ ಪಂಡಿತಾ, ಸರಸ್ವತಿ ಅನ್ನೋ ಬಿರುದು ಕೊಟ್ಟರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1889ರಲ್ಲಿ ಮುಂಬೈನಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು, ಮರುವರ್ಷ ಪುಣೆಗೆ ತಂದರು. 1896-97ರ ಬರಗಾಲದಲ್ಲಿ ಮಧ್ಯಪ್ರಾಂತದಿಂದ ದಿಕ್ಕಿಲ್ಲದ ಹುಡುಗಿಯರನ್ನು, ವಿಧವೆಯರನ್ನು ಕರೆತಂದರು. ಕೇಡಗಾಂವ್‌ನ ಮುಕ್ತಿ ಬೆಳೆದದ್ದು ಹಾಗೆ.

ಅವರ ಕೊನೆಯ ವರ್ಷಗಳ ದೊಡ್ಡ ಕೆಲಸ ಬೈಬಲ್‌ನ ಮರಾಠಿ ಅನುವಾದ. ಸಂಸ್ಕೃತದ ಪಂಡಿತೆ, ಬೇಕಾದರೆ ಪಂಡಿತರು ತಲೆದೂಗುವ ಮರಾಠಿ ಬರೆಯಬಹುದಿತ್ತು. ಅವರು ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಣ್ಣುಮಕ್ಕಳಿಗೆ ತಿಳಿಯುವ ಮರಾಠಿ ಹುಡುಕಿದರು. ಆ ಅನುವಾದದ ಮೊಳೆ ಜೋಡಿಸಿದವರು, ಅಚ್ಚು ಹಾಕಿದವರು ಮುಕ್ತಿಯ ಹೆಂಗಸರೇ. ಊಟಕ್ಕಿಲ್ಲದೆ ಬಂದವರು ಪುಸ್ತಕ ಅಚ್ಚು ಹಾಕುವವರಾದರು. ರಮಾಬಾಯಿ 1922ರಲ್ಲಿ ತೀರಿಕೊಂಡರು.

ಇದನ್ನು ಯಾಕೆ ಹೇಳಿದೆ ಅಂದರೆ, ಇಲ್ಲಿ ಸೇವೆ ಎರಡು ಕಡೆಯಿಂದ ಚಲಿಸಿತು. ಮೇಲಿದ್ದವರು ಭಾಷೆಯನ್ನು ಕೆಳಗಿಳಿಸಿದರು, ಪಡೆದವರು ಕೊಡುವವರಾದರು. ಪಡೆದವರು ಯಾವಾಗಲೂ ಪಡೆದವರಾಗಿಯೇ ಉಳಿದರೆ ಅದು ದಾನ ಆಯ್ತು, ಸಹಬಾಳ್ವೆ ಆಗಲಿಲ್ಲ.

ಪೇತ್ರನ ಕಾಲು, ನನ್ನ ಸಿಂಕು

ಪಾದ ತೊಳೆಯುವ ಕತೆಯಲ್ಲಿ ಒಂದು ಭಾಗ ಬಿಟ್ಟಿದ್ದೆ. ಪೇತ್ರ ಕಾಲು ಹಿಂದಕ್ಕೆ ಎಳೆದುಕೊಳ್ತಾನೆ. ನೀನು ನನ್ನ ಪಾದ ತೊಳೆಯೋದಾ, ಎಂದಿಗೂ ಬೇಡ ಅಂತಾನೆ. ನೋಡೋಕೆ ಇದೇ ದೊಡ್ಡ ದೀನತೆ. ಯೇಸು ಒಪ್ಪೋದಿಲ್ಲ. ತೊಳೆಸಿಕೊಳ್ಳದಿದ್ದರೆ ನನ್ನ ಜೊತೆ ನಿನಗೆ ಪಾಲಿಲ್ಲ ಅಂತಾನೆ.

ಇದು ನನಗೆ ತಿಳಿದದ್ದು ಡೆಂಗಿಯಿಂದ. ಎರಡು ವರ್ಷದ ಹಿಂದಿನ ಮಳೆಗಾಲ. ಹೆಂಡತಿ ಹೆರಿಗೆಗೆ ಊರಿಗೆ ಹೋಗಿದ್ದಳು. ಜ್ವರ, ಮೈಕೈ ನೋವು, ಪ್ಲೇಟ್‌ಲೆಟ್ ಇಳೀತಾ ಇತ್ತು. ಸಭೆಯವರು ಫೋನ್ ಮಾಡಿದರೆ ನನ್ನದು ಒಂದೇ ಉತ್ತರ: "ಬೇಡ ಬೇಡ, ನಾನು ಮ್ಯಾನೇಜ್ ಮಾಡ್ಕೋತೀನಿ." ಆ್ಯಪ್‌ನಲ್ಲಿ ಊಟ ತರಿಸಿ, ತಿನ್ನೋಕಾಗದೆ ಹಾಗೇ ಬಿಡ್ತಾ ಇದ್ದೆ. ಮೂರನೇ ದಿನ ಬೆಲ್ ಆಯ್ತು. ಅಕ್ಕನ ಗಂಡ. ರಾತ್ರಿ ಡ್ಯೂಟಿ ಮುಗಿಸಿ, ನಿದ್ದೆ ಮಾಡದೆ, ಸ್ಟೀಲ್ ಡಬ್ಬಿಯಲ್ಲಿ ಜೋಳದ ಅಂಬಲಿ ತಂದಿದ್ದರು. ನಾನು ಬಾಗಿಲಲ್ಲೇ "ಯಾಕೆ ತೊಂದರೆ ತಗೊಂಡ್ರಿ" ಅಂತ ಶುರು ಮಾಡಿದೆ. ಅವರು, "ಮೊದ್ಲು ಕೂಡ್ರಿ ಸರ" ಅಂದು ಒಳಗೆ ಬಂದರು. ಅಂಬಲಿ ಲೋಟಕ್ಕೆ ಹಾಕಿ ಕೊಟ್ಟು, ಸಿಂಕಿನಲ್ಲಿ ಮೂರು ದಿನದಿಂದ ಬಿದ್ದಿದ್ದ ಪಾತ್ರೆ ತೊಳೆಯೋಕೆ ನಿಂತರು.

ನನಗಾದ ನಾಚಿಕೆ ಹೇಳೋಕಾಗಲ್ಲ. ಎದ್ದು ತಡೆಯೋಣ ಅಂದರೆ ಕಾಲಲ್ಲಿ ಶಕ್ತಿ ಇಲ್ಲ. ಸಭೆಯಲ್ಲಿ ಅವರ ಮನೆಯವರ ಸೇವೆ ವರ್ಷಗಟ್ಟಲೆ ಪಡೆದಿದ್ದೆ, ಆಗ ನಾಚಿಕೆ ಆಗಿರಲಿಲ್ಲ. ಯಾಕಂದರೆ ಆಗ ನಾನು ನೋಡಿರಲಿಲ್ಲ. ಈಗ ಕಣ್ಣೆದುರೇ ನಡೆಯುವಾಗ ಆಯ್ತು. ನನ್ನ "ಬೇಡ ಬೇಡ" ಅನ್ನೋದು ಸಂಕೋಚ ಅಂದುಕೊಂಡಿದ್ದೆ. ನಿಜವಾಗಿ ಅದು ಲೆಕ್ಕ. ಕೊಡುವವನ ಕಡೆಯೇ ನಾನಿರಬೇಕು, ಯಾರ ಋಣವೂ ಇರಬಾರದು ಅನ್ನೋ ಹಟ. ಅದಕ್ಕಿಂತ ಎತ್ತರದ ಕುರ್ಚಿ ಬೇರೆ ಇಲ್ಲ.

ಬೆನೆಡಿಕ್ಟ್ 36ನೇ ಅಧ್ಯಾಯದಲ್ಲಿ ಕಾಯಿಲೆಯವರ ಬಗ್ಗೆ ಎರಡೂ ಕಡೆಗೆ ಹೇಳ್ತಾರೆ. ನೋಡಿಕೊಳ್ಳುವವರು ಕ್ರಿಸ್ತನನ್ನೇ ಉಪಚರಿಸಿದ ಹಾಗೆ ಉಪಚರಿಸಬೇಕು. ಮಲಗಿದವರು ಅದು ದೇವರ ಗೌರವಕ್ಕಾಗಿ ನಡೆಯುವ ಸೇವೆ ಅಂತ ನೆನಪಿಟ್ಟು, ಅತಿಯಾಗಿ ಬೇಡಿ ಗೋಳು ಹುಯ್ಯಬಾರದು. ಪಡೆಯೋದಕ್ಕೂ ಒಂದು ರೀತಿ ಇದೆ. ಊರು ಬಿಟ್ಟು ಬಂದ ನಾವು ಮರೆತಿರೋದು ಇದೇ ಅನ್ಸುತ್ತೆ. ಊರಲ್ಲಿ ಪಕ್ಕದ ಮನೆಯಿಂದ ಬಟ್ಟಲು ಸಕ್ಕರೆ ಇಸ್ಕೊಂಡು ಬಂದವರು, ಇಲ್ಲಿ ಹತ್ತು ನಿಮಿಷದಲ್ಲಿ ಡೆಲಿವರಿ ತರಿಸಿಕೊಂಡು ಯಾರ ಹಂಗಿಲ್ಲ ಅಂತ ಖುಷಿಪಡ್ತೀವಿ.

ಈಗ ಪಟ್ಟಿ ಹೇಗಿದೆ

ಡೆಂಗಿ ಇಳಿದ ಮೇಲೆ ಪಟ್ಟಿಯನ್ನು ಮೊದಲಿಂದ ಬರೆದೆವು. ಗುಡಿಸೋದು, ಶೌಚಾಲಯ, ಚಹಾ, ಪಾತ್ರೆ, ಒಂದೊಂದಕ್ಕೂ ಕಾಲಂ. ಸಭಾಪಾಲಕರೂ ಸೇರಿ ಎಲ್ಲರಿಗೂ ಸರದಿ, ಇಬ್ಬಿಬ್ಬರ ಜೋಡಿ. ಗೋಡೆಯ ಮೇಲಿನ ಪ್ರತಿ ಈಗ ಕನ್ನಡದಲ್ಲಿದೆ. ಶೌಚಾಲಯದ ಸರದಿಗೆ ಇಬ್ಬರು "ಮನೆಯಲ್ಲೇ ನಾನು ಮಾಡಲ್ಲ" ಅಂದರು. ಒಂದು ಕುಟುಂಬ ಬೇರೆ ಸಭೆಗೆ ಹೋಯ್ತು. ಸುಲಭ ಆಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತೆ.

ನನ್ನ ಮೊದಲ ಪಾತ್ರೆ ಸರದಿಯಲ್ಲಿ ಸಾರಿನ ದೊಡ್ಡ ಪಾತೇಲಿ ತಿಕ್ಕಿ ಬೋರಲು ಹಾಕಿದೆ. ಅಕ್ಕ ಬೆರಳಾಡಿಸಿ ನೋಡಿ, "ಇನ್ನಾ ಜಿಡ್ಡ ಅದ" ಅಂತ ನಕ್ಕು, ಬೂದಿ ಹಾಕಿ ಹೇಗೆ ತಿಕ್ಕಬೇಕು ಅಂತ ತೋರಿಸಿದರು. ನನ್ನ ಕೆಲಸಕ್ಕೆ ಇಷ್ಟು ಚುಟುಕಾದ, ನ್ಯಾಯವಾದ ರಿವ್ಯೂ ಆಫೀಸಿನಲ್ಲಿ ಸಿಕ್ಕಿಲ್ಲ.

ಆಮೇಲೆ ಅವರನ್ನು ಕೇಳಿದೆವು, ನಿಮಗೆ ಯಾವ ಕಾಲಂ ಬೇಕು? ಪ್ರಾರ್ಥನೆಯೋ, ಸ್ವಾಗತವೋ? ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಏನೂ ಬ್ಯಾಡ್ರಿ. ಒಮ್ಮೆರೆ ಪ್ರಸಂಗ ಪೂರಾ ಕುಂತು ಕೇಳಬೇಕು."

ಪ್ರತಿ ವಾರ ಪ್ರಸಂಗದ ನಡುವೆ ಅವರು ಎದ್ದು ಹೋಗ್ತಾ ಇದ್ದದ್ದು ನಮ್ಮ ಚಹಾಕ್ಕೆ. ನಾವು ಕೂತು ದೀನತೆಯ ಬಗ್ಗೆ ಪ್ರಸಂಗ ಕೇಳಿ, ಹೊರಗೆ ಬಂದು ಅವರ ಕೈಯಿಂದ ಕಪ್ ತಗೊಂಡು, "ಇವತ್ತು ಬಹಳ ಚೆನ್ನಾಗಿತ್ತು" ಅಂತಿದ್ದೆವು.

ಒಂದು ಎಚ್ಚರಿಕೆ ಹೇಳಿ ಮುಗಿಸ್ತೀನಿ. ದೀನತೆಯ ಉಪದೇಶ ಯಾರಿಗೆ ಅನ್ನೋದನ್ನು ನೋಡಿಕೊಳ್ಳಬೇಕು. ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಕ್ರಿಸ್ತನನ್ನು ಮಾದರಿಯಾಗಿ ಕೊಡ್ತಾನೆ: ದೇವರ ಸಮಾನ ಸ್ಥಾನದಲ್ಲಿದ್ದವನು ಅದನ್ನು ಹಿಡಿದುಕೊಳ್ಳದೆ ದಾಸನ ರೂಪಕ್ಕೆ ಇಳಿದ ಅಂತ. ಇಳಿಯೋಕೆ ಮೇಲೆ ಇರಬೇಕು. ಈಗಾಗಲೇ ನೆಲದ ಮೇಲೆ ಕೂತು ಪಾತ್ರೆ ತಿಕ್ಕುವವರಿಗೆ "ದೀನರಾಗಿರಿ" ಅಂದರೆ ಅದು ಬೋಧನೆ ಅಲ್ಲ, ಇದ್ದಲ್ಲೇ ಇರು ಅನ್ನೋ ಆಜ್ಞೆ. ಅದು ನನಗೆ, ನನ್ನಂಥವರಿಗೆ ಬರೆದದ್ದು.

ನಿಮ್ಮ ಸಂಘದ್ದೋ ಸಭೆಯದ್ದೋ ಮನೆಯದ್ದೋ ಪಟ್ಟಿ ಇದ್ದರೆ ಈ ವಾರ ಒಮ್ಮೆ ತೆರೆದು ನೋಡಿ. ಯಾವ ಕೆಲಸಕ್ಕೆ ಕಾಲಂ ಇಲ್ಲ, ಯಾರ ಹೆಸರು ಯಾವ ಸಾಲಿನಲ್ಲೂ ಇಲ್ಲ ಅಂತ ಹುಡುಕಿ. ಸಿಕ್ಕರೆ ಶಾಲು ತರೋಕೆ ಹೋಗಬೇಡಿ, ಒಂದು ವಾರದ ಸರದಿ ತಗೊಳ್ಳಿ.

ಈ ಭಾನುವಾರ ಚಹಾದ ಸರದಿ ನನ್ನದು. ಪ್ರಸಂಗದ ಕೊನೆಯ ಹತ್ತು ನಿಮಿಷ ನನಗೆ ತಪ್ಪುತ್ತೆ. ಅಕ್ಕ ಆಮೇಲೆ ಹೇಳ್ತಾರೆ. ಈಗ ಮೂರನೇ ಸಾಲಿನಲ್ಲಿ ಮಗಳ ಪಕ್ಕ ಕೂತು ಕೇಳ್ತಾರೆ, ಒಂದು ಮಾತೂ ಮರೆಯೋದಿಲ್ಲ.